ಯಾರಿಗೆ ಬರೆದದ್ದು? ಉಪಕರಣ ವಿವರಣೆಯ ಭಾಷೆ: ಯೂನಿಕ್ಸ್ ಕೈಪಿಡಿಯಿಂದ ಎಐ ಏಜೆಂಟ್‌ವರೆಗೆ

ತಂತ್ರಾಂಶ ಉಪಕರಣವೊಂದರ ಕೈಪಿಡಿಯನ್ನು ಗದ್ಯದ ಒಂದು ಪ್ರಕಾರವೆಂದು ಎಣಿಸಿ ಓದುವ ರೂಢಿ ನಮ್ಮಲ್ಲಿ ಬೆಳೆದಿಲ್ಲ. ಉಪಕರಣದ ಹೆಸರು, ಅದು ಸ್ವೀಕರಿಸುವ ಮೌಲ್ಯಗಳು, ಮಾಡುವ ಕೆಲಸ, ಮರಳಿಸುವ ಫಲಿತ, ಕೆಟ್ಟರೆ ಕೊಡುವ ಸೂಚನೆ: ಇಷ್ಟನ್ನು ಹೇಳಿ ಮುಗಿಸುವ ಆ ಬರಹ ತನ್ನ ಭಾಷೆಯತ್ತ ಗಮನ ಸೆಳೆಯಬಾರದೆಂಬ ಉದ್ದೇಶದಿಂದಲೇ ರಚಿತವಾದದ್ದು. 2023ರಿಂದ ಈಚೆಗೆ ಈ ಬರಹದ ಸ್ಥಾನ ಬದಲಾಗಿದೆ. ಬೃಹತ್ ಭಾಷಾಮಾದರಿಗಳನ್ನು ಆಧರಿಸಿದ ಎಐ ಏಜೆಂಟ್‌ಗಳು ಉಪಕರಣಗಳ ವಿವರಣೆಯನ್ನು ಓದಿ, ಯಾವುದನ್ನು ಯಾವಾಗ ಕರೆಯಬೇಕು, ಅದಕ್ಕೆ ಯಾವ ಮೌಲ್ಯಗಳನ್ನು ಒದಗಿಸಬೇಕು ಎಂಬುದನ್ನು ಬಹುಮಟ್ಟಿಗೆ ಆ ಓದಿನ ಬಲದಿಂದಲೇ ನಿರ್ಧರಿಸುತ್ತವೆ. ವಿವರಣೆಯ ಒಂದು ಪದವನ್ನು ತಿದ್ದಿದರೆ ಏಜೆಂಟ್‌ನ ನಡೆ ಬದಲಾಗಬಹುದು. ಪಠ್ಯವೊಂದರ ಅರ್ಥವನ್ನು ಅದು ಹುಟ್ಟಿಸುವ ಕ್ರಿಯೆಯಿಂದ ಇಷ್ಟು ನೇರವಾಗಿ ಅಳೆಯುವ ಸಂದರ್ಭಗಳು ಅರ್ಥವಿಜ್ಞಾನಕ್ಕೆ ಹೆಚ್ಚು ಒದಗಿಲ್ಲ.

ಈ ಬದಲಾವಣೆಗೆ ಅರ್ಧ ಶತಮಾನದ ಹಿನ್ನೆಲೆಯಿದೆ. ಅದನ್ನು ಯಂತ್ರಗಳ ಚರಿತ್ರೆಯಾಗಿ ಬರೆಯುವುದು ವಾಡಿಕೆ. ಪ್ರಸ್ತುತ ಲೇಖನದಲ್ಲಿ ನಾವು ಅದನ್ನು ಉದ್ದಿಷ್ಟ ಓದುಗನ ಚರಿತ್ರೆಯಾಗಿ ನೋಡಲು ಯತ್ನಿಸುತ್ತೇವೆ. ವಿವರಣಕಾರನು ಏನನ್ನು ಹೇಳದೆ ಬಿಟ್ಟಿದ್ದಾನೆ ಎಂಬುದನ್ನು ಗಮನಿಸಿದರೆ, ಬರೆಯುವಾಗ ಅವನು ಯಾರನ್ನು ಎದುರಿಗೆ ಕಲ್ಪಿಸಿಕೊಂಡಿದ್ದನೆಂಬುದು ತಿಳಿದುಬರುತ್ತದೆ.

ನೆರೆಮೇಜಿನ ಓದುಗ

ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಸಿದ್ಧಪಡಿಸಿದ ಯೂನಿಕ್ಸ್ ಕೈಪಿಡಿಯ ಮೊದಲ ಆವೃತ್ತಿಯ ಮೇಲಿರುವ ದಿನಾಂಕ 1971ರ ನವೆಂಬರ್ 3. ಅದರ ಪ್ರತಿಯೊಂದು ನಮೂದೂ ಒಂದೇ ಅಚ್ಚಿನಲ್ಲಿ ಎರಕಗೊಂಡಿದೆ: ಹೆಸರು, ಸಾರರೂಪ, ವಿವರಣೆ, ಬಳಸುವ ಕಡತಗಳು, ಇವನ್ನೂ ನೋಡಿ, ದೋಷಸೂಚನೆಗಳು, ಕೊರತೆಗಳು, ಮಾಲೀಕ. ಕೊನೆಯ ಎರಡು ಶೀರ್ಷಿಕೆಗಳು ನಮಗೆ ಮುಖ್ಯವೆನಿಸುತ್ತವೆ. ‘ಕೊರತೆಗಳು’ ಎಂಬಲ್ಲಿ ಉಪಕರಣದ ಕರ್ತೃವೇ ಅದರ ಲೋಪದೋಷಗಳನ್ನು ಬರೆದಿಡುತ್ತಾನೆ. ಮಾರಾಟದ ಸರಕಿನ ಜತೆ ಬರುವ ಕೈಪಿಡಿಯಲ್ಲಿ ಇಂಥ ಶೀರ್ಷಿಕೆಗೆ ಜಾಗ ದೊರೆಯುವುದು ಕಷ್ಟ. ‘ಮಾಲೀಕ’ ಎಂಬಲ್ಲಿ ಕೆಲವೇ ಅಕ್ಷರಗಳ ಸಂಕೇತನಾಮವಿದೆ. ಆ ಅಕ್ಷರಗಳು ಯಾರನ್ನು ಸೂಚಿಸುತ್ತವೆ ಎಂಬುದು ಓದುಗನಿಗೆ ಗೊತ್ತಿರುತ್ತದೆ, ಸಂದೇಹ ಬಂದರೆ ಆತ ಎದ್ದುಹೋಗಿ ಕೇಳಬಲ್ಲ ಎಂಬ ಪೂರ್ವಕಲ್ಪನೆ ಅದರ ಹಿಂದೆ ಕೆಲಸ ಮಾಡುತ್ತಿದೆ. ಆ ಕೈಪಿಡಿಯ ಅತಿಸಂಕ್ಷೇಪಕ್ಕೆ ಕಾರಣ ಕೇವಲ ಶೈಲಿಯ ಒಲವಲ್ಲ. ಗ್ರೈಸ್ ಹೇಳುವ ಪರಿಮಾಣದ ತತ್ತ್ವಕ್ಕೆ, ಅಂದರೆ ಸಂದರ್ಭಕ್ಕೆ ಬೇಕಾದಷ್ಟನ್ನೇ ಹೇಳಬೇಕೆಂಬ ತತ್ತ್ವಕ್ಕೆ, ಅದು ನಿಷ್ಠವಾಗಿದೆ; ಅಲ್ಲಿನ ಸಂದರ್ಭದಲ್ಲಿ ಬೇಕಾದದ್ದು ಅಷ್ಟೇ ಇತ್ತು.

ಆ ಶೀರ್ಷಿಕೆಗಳ ಪಟ್ಟಿಯಲ್ಲಿ ‘ಉದಾಹರಣೆ’ ಇಲ್ಲ. ಕನ್ನಡ ವ್ಯಾಕರಣ ಪರಂಪರೆಯನ್ನು ಬಲ್ಲವರಿಗೆ ಇದು ಕಣ್ಣಿಗೆ ಬೀಳದೆ ಇರದು. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಕಂದಪದ್ಯದ ಸೂತ್ರದ ಬೆನ್ನಿಗೆ ವೃತ್ತಿಯನ್ನೂ, ವೃತ್ತಿಯ ಬೆನ್ನಿಗೆ ಪೂರ್ವಕವಿಗಳ ಪ್ರಯೋಗಗಳನ್ನೂ ತಾನೇ ಜೋಡಿಸುತ್ತಾನೆ. ಲಕ್ಷ್ಯವಿಲ್ಲದ ಲಕ್ಷಣ ಓದುಗನನ್ನು ಮುಟ್ಟುವುದಿಲ್ಲವೆಂಬ ಅರಿವು ಆ ರಚನೆಯಲ್ಲಿದೆ. ಎರಡು ಪರಂಪರೆಗಳ ನಡುವೆ ವಂಶಸಂಬಂಧವಿದೆಯೆಂದು ನಾವು ಹೇಳುತ್ತಿಲ್ಲ. ದೂರದ ಓದುಗನಿಗಾಗಿ ಬರೆದವನಿಗೆ ಪ್ರಯೋಗದ ಅಗತ್ಯ ಕಂಡಿತು, ನೆರೆಮೇಜಿನವನಿಗಾಗಿ ಬರೆದವರಿಗೆ ಕಾಣಲಿಲ್ಲ ಎಂಬುದಷ್ಟೇ ನಮ್ಮ ಗಮನಿಕೆ. ಯೂನಿಕ್ಸ್ ಪ್ರಯೋಗಾಲಯದ ಗೋಡೆಗಳನ್ನು ದಾಟಿದ ಮೇಲೆ ‘ಉದಾಹರಣೆಗಳು’ ಎಂಬ ಶೀರ್ಷಿಕೆ ಕೈಪಿಡಿಗಳಲ್ಲಿ ಸಾಮಾನ್ಯವಾಯಿತು. 2013ರಲ್ಲಿ ಆರಂಭವಾದ ‘ಟಿಎಲ್‌ಡಿಆರ್’ ಪುಟಗಳ ಸಾಮೂಹಿಕ ಯೋಜನೆಯಂತೂ ವಿವರಣೆಯನ್ನು ಒಂದೆರಡು ಸಾಲಿಗೆ ಇಳಿಸಿ, ಉಳಿದ ಜಾಗವನ್ನೆಲ್ಲ ಪ್ರಯೋಗಗಳಿಗೇ ಬಿಟ್ಟುಕೊಟ್ಟಿತು.

ಯೂನಿಕ್ಸಿನ ಇನ್ನೊಂದು ರೂಢಿಯನ್ನು ಇಲ್ಲಿ ನೆನಪಿಡಬೇಕು. ಕೆಲಸ ಯಶಸ್ವಿಯಾದರೆ ಅನೇಕ ಉಪಕರಣಗಳು ಏನನ್ನೂ ಹೇಳುವುದಿಲ್ಲ. ಕಡತವನ್ನು ಅಳಿಸುವ ‘ಆರ್‌ಎಂ’ ತನ್ನ ಕೆಲಸ ಮುಗಿಸಿ ಸುಮ್ಮನಾಗುತ್ತದೆ. ಮೌನವೇ ಕುಶಲವಾರ್ತೆ. ಈ ಮೌನಕ್ಕೆ ಮುಂದೆ ಮರಳುತ್ತೇವೆ.

ಸೂತ್ರ ಹೇಳಲಾರದ್ದು

ಕೈಪಿಡಿಯ ‘ಸಾರರೂಪ’ವು ಸೂತ್ರದಂತಿದೆ: ಚೌಕ ಆವರಣದೊಳಗಿನದು ಐಚ್ಛಿಕ, ಮೂರು ಚುಕ್ಕೆಗಳೆಂದರೆ ಪುನರಾವೃತ್ತಿ. ಕೃತಕ ಭಾಷೆಗಳ ವಾಕ್ಯರಚನೆಯನ್ನು ಹೀಗೆ ಸಂಕೇತಗಳಲ್ಲಿ ಹಿಡಿದಿಡುವ ಪದ್ಧತಿ ಅದಕ್ಕೂ ಹಿಂದೆಯೇ ನೆಲೆಗೊಂಡಿತ್ತು. ಜಾನ್ ಬ್ಯಾಕಸ್ 1959ರಲ್ಲಿ ಮಂಡಿಸಿದ ಸಂಕೇತಪದ್ಧತಿಯನ್ನು ಪೀಟರ್ ನಾವರ್ ಸಂಪಾದಿಸಿದ 1960ರ ಆಲ್ಗಾಲ್ ವರದಿ ಬಳಸಿಕೊಂಡಿತು. ಅದಕ್ಕೆ ಇಬ್ಬರ ಹೆಸರನ್ನೂ ಇಡಬೇಕೆಂದು ಡೊನಾಲ್ಡ್ ಕನೂತ್ 1964ರಲ್ಲಿ ಸೂಚಿಸಿದರೆ, ಪಾಣಿನಿಯ ಪದ್ಧತಿಗೆ ಇದು ಹತ್ತಿರವಾದದ್ದರಿಂದ ‘ಪಾಣಿನಿ–ಬ್ಯಾಕಸ್ ರೂಪ’ವೆಂದು ಕರೆಯಬೇಕೆಂದು ಪೀಟರ್ ಇಂಗರ್ಮನ್ 1967ರಲ್ಲಿ ಬರೆದರು. ಹೆಸರು ಅಂಟಿಕೊಳ್ಳಲಿಲ್ಲ. ಆ ಸೂಚನೆಯನ್ನು ಭಾರತೀಯ ವ್ಯಾಕರಣದ ಹೆಗ್ಗಳಿಕೆಗಾಗಿ ಉದ್ಧರಿಸುವುದೇ ಹೆಚ್ಚು. ಅದು ಎತ್ತುವ ಪ್ರಶ್ನೆ ಅದಕ್ಕಿಂತ ಆಸಕ್ತಿಕರ: ಸೂತ್ರ ಏನನ್ನು ಹೇಳಬಲ್ಲದು, ಏನನ್ನು ವೃತ್ತಿಗೆ ಬಿಡುತ್ತದೆ?

ಸಾರರೂಪವು ಯಾವ ಕರೆ ಸುಸಂಬದ್ಧ, ಯಾವುದು ಅಲ್ಲ ಎಂಬುದನ್ನು ಹೇಳುತ್ತದೆ. ಟೋನಿ ಹೋರ್ 1969ರಲ್ಲಿ ರೂಪಿಸಿದ ಪೂರ್ವನಿಬಂಧನೆ ಮತ್ತು ಉತ್ತರನಿಬಂಧನೆಗಳ ತರ್ಕವು, ಕರೆಯ ಮುನ್ನ ಏನು ಸತ್ಯವಾಗಿರಬೇಕು, ಅನಂತರ ಏನು ಸತ್ಯವಾಗಿರುತ್ತದೆ ಎಂಬುದನ್ನೂ ಸೇರಿಸುತ್ತದೆ. ಎರಡರಲ್ಲಿಯೂ ಉಪಯೋಗದ ಸಂದರ್ಭ ಇಲ್ಲ. ಈ ಉಪಕರಣವನ್ನು ಯಾವಾಗ ಆರಿಸಬೇಕು, ಅದರ ಪಕ್ಕದ್ದನ್ನು ಬಿಟ್ಟು ಇದನ್ನೇ ಏಕೆ ಎಂಬುದು ರೂಪನಿಷ್ಠ ವಿವರಣೆಯ ಹೊರಗೆ ಉಳಿಯುತ್ತದೆ. ಮನುಷ್ಯ ಓದುಗ ಆ ಜ್ಞಾನವನ್ನು ಸಹೋದ್ಯೋಗಿಗಳಿಂದ, ಪುಸ್ತಕಗಳಿಂದ, ಕೈಸುಟ್ಟುಕೊಂಡ ಅನುಭವದಿಂದ ಪಡೆಯುತ್ತಿದ್ದ. ಏಜೆಂಟ್ ಅದನ್ನು ಭಾಗಶಃ ತರಬೇತಿಯ ಪಠ್ಯಗಳಿಂದ ಪಡೆದಿರುತ್ತದೆ: ‘ಗ್ರೆಪ್’ ಬಗ್ಗೆ ದಶಕಗಳಿಂದ ಬರೆದದ್ದು ಅದರೊಳಗಿದೆ. ನಿನ್ನೆ ತಯಾರಾದ ಉಪಕರಣದ ಬಗ್ಗೆ ಅದಕ್ಕೆ ಗೊತ್ತಿರುವುದು ಎದುರಿಗಿರುವ ವಿವರಣೆಯಷ್ಟೇ.

ಇಲ್ಲಿ ‘ಅನುವೃತ್ತಿ’ಯ ಪರಿಕಲ್ಪನೆ ಉಪಯುಕ್ತವಾಗುತ್ತದೆ. ಸೂತ್ರಪಾಠದಲ್ಲಿ ಹಿಂದಿನ ಸೂತ್ರದ ಪದವು ಮುಂದಿನದಕ್ಕೆ ಹರಿದುಬರುತ್ತದೆ. ಪಾಠದ ಕ್ರಮ ಸ್ಥಿರವಾಗಿರುವುದರಿಂದ ಅದು ಸಾಧ್ಯ. ಯೂನಿಕ್ಸ್ ಕೈಪಿಡಿಯೂ ಒಂದು ಇಡಿಯಾಗಿತ್ತು. ‘ಇವನ್ನೂ ನೋಡಿ’ ಎಂಬ ಶೀರ್ಷಿಕೆ ಆ ಇಡಿತನವನ್ನು ನಂಬಿತ್ತು. ಏಜೆಂಟ್‌ನ ಮುಂದೆ ಬರುವ ವಿವರಣೆಗಳು ಬೇರೆಬೇರೆ ಕರ್ತೃಗಳಿಂದ, ಬೇರೆಬೇರೆ ಮೂಲಗಳಿಂದ ಬಂದು ಒಂದೆಡೆ ಸೇರಿರುತ್ತವೆ. ‘ಹುಡುಕು’ ಎಂಬ ಹೆಸರಿನ ಎರಡು ಉಪಕರಣಗಳು ಅಕ್ಕಪಕ್ಕದಲ್ಲಿರಬಹುದು, ಒಂದು ಅಂಚೆಪೆಟ್ಟಿಗೆಯಲ್ಲಿ ಹುಡುಕುವಂಥದು, ಇನ್ನೊಂದು ದತ್ತಾಂಶಕೋಶದಲ್ಲಿ. ಅನುವೃತ್ತಿಗೆ ಅಲ್ಲಿ ಆಧಾರವೇ ಇಲ್ಲ. ಪ್ರತಿಯೊಂದು ವಿವರಣೆಯೂ ತನ್ನ ಅಧಿಕಾರಸೂತ್ರವನ್ನು ತಾನೇ ಹೊತ್ತು ತರಬೇಕು.

ವಿಧ್ಯರ್ಥ ಯಾರಿಗೆ?

ಹಳೆಯ ಯೂನಿಕ್ಸ್ ಕೈಪಿಡಿಯ ವಾಕ್ಯಗಳಲ್ಲಿ ಉಪಕರಣವೇ ಕರ್ತೃ, ಕ್ರಿಯಾಪದ ವರ್ತಮಾನಕಾಲದ ಪ್ರಥಮಪುರುಷ: ‘ಕ್ಯಾಟ್’ ಓದುತ್ತದೆ, ಬರೆಯುತ್ತದೆ. ಮುಂದೆ ಗ್ನೂ ಯೋಜನೆಯ ಉಪಕರಣಗಳ ಸಹಾಯಪಠ್ಯ ಇಂಗ್ಲಿಷಿನ ಬರಿಯ ಧಾತುರೂಪಕ್ಕೆ ಹೊರಳಿತು. ಈ ಎರಡು ರೂಪಗಳ ನಡುವಣ ಆಯ್ಕೆ ಕ್ರಮೇಣ ನಿಯಮಗಳ ಮಟ್ಟಕ್ಕೆ ಏರಿದ್ದು ವ್ಯಾಕರಣಜ್ಞರಿಗೆ ಕುತೂಹಲ ಹುಟ್ಟಿಸುವ ಪ್ರಸಂಗ. ಜಾವಾ ಭಾಷೆಯ ಜಾವಾಡಾಕ್ ಟಿಪ್ಪಣಿಗಳಿಗೆ ಸನ್ ಮೈಕ್ರೋಸಿಸ್ಟಮ್ಸ್ ಕೊಟ್ಟ ಮಾರ್ಗಸೂಚಿಯು ಪ್ರಥಮಪುರುಷದ ನಿರೂಪಣೆಯನ್ನು ಬಳಸಿರಿ, ಮಧ್ಯಮಪುರುಷದ ವಿಧಿಯನ್ನು ಬಳಸದಿರಿ ಎಂದಿತು. 2001ರಲ್ಲಿ ಡೇವಿಡ್ ಗುಡ್ಜರ್ ಮತ್ತು ಗೈಡೊ ವಾನ್ ರಾಸಮ್ ಪೈಥಾನ್ ಭಾಷೆಗೆಂದು ಬರೆದ ಪಿಇಪಿ 257 ತದ್ವಿರುದ್ಧವಾದ ನಿಯಮವನ್ನಿಟ್ಟಿತು: ಟಿಪ್ಪಣಿಯ ಮೊದಲ ಸಾಲು ಆಜ್ಞೆಯ ರೂಪದಲ್ಲಿರಬೇಕು, ವರ್ಣನೆಯ ರೂಪದಲ್ಲಿ ಅಲ್ಲ.

ಇದನ್ನು ಕನ್ನಡಕ್ಕೆ ತಂದು ನೋಡಿದಾಗ ಇಂಗ್ಲಿಷ್ ಮುಚ್ಚಿಟ್ಟ ಸಂದಿಗ್ಧತೆ ಬಯಲಾಗುತ್ತದೆ. ಇಂಗ್ಲಿಷಿನ ಬರಿಯ ಧಾತುವಿಗೆ ವಚನವಿಲ್ಲ, ಗೌರವಸೂಚನೆಯಿಲ್ಲ. ಕನ್ನಡದಲ್ಲಿ ಬರೆಯುವವನು ‘ಮರಳಿಸುತ್ತದೆ’, ‘ಮರಳಿಸು’, ‘ಮರಳಿಸಿ’ ಎಂಬ ಮೂರರಲ್ಲಿ ಒಂದನ್ನು ಆರಿಸಲೇಬೇಕು. ಆರಿಸುವಾಗ ತಾನು ಯಾರೊಡನೆ ಮಾತನಾಡುತ್ತಿದ್ದೇನೆಂಬುದನ್ನೂ ತೀರ್ಮಾನಿಸಬೇಕು. ಕನ್ನಡದ ಗಣಕ ಅಂತರಸಂಪರ್ಕಗಳಲ್ಲಿ ಒಂದೆಡೆ ‘ಉಳಿಸು’, ಇನ್ನೊಂದೆಡೆ ‘ಉಳಿಸಿ’ ಎಂದು ಕಾಣುವುದಕ್ಕೆ ಅನುವಾದಕರ ಅಜಾಗರೂಕತೆಯೊಂದೇ ಕಾರಣವೆಂದು ನಮಗನಿಸುವುದಿಲ್ಲ. ಮೊದಲನೆಯದು ಬಳಕೆದಾರ ಯಂತ್ರಕ್ಕೆ ಹೇಳುವ ಮಾತು, ಎರಡನೆಯದು ಯಂತ್ರ ಬಳಕೆದಾರನಿಗೆ ಹೇಳುವ ಮಾತು. ಪೈಥಾನ್ ಟಿಪ್ಪಣಿಯ ಆಜ್ಞೆ ‘ಮರಳಿಸು’ ಎಂಬ ಮೊದಲ ಬಗೆಯದು: ಅದರ ಸಂಬೋಧಿತ ಆ ಫಂಕ್ಷನ್ನೇ. ಮನುಷ್ಯ ಓದುಗ ಪಕ್ಕದಲ್ಲಿ ನಿಂತು ಆ ಆಜ್ಞೆಯನ್ನು ಕೇಳಿಸಿಕೊಳ್ಳುವವನು. ಅದೇ ವಿವರಣೆಯನ್ನು ಏಜೆಂಟ್ ಓದುವಾಗ, ‘ಬಳಕೆದಾರನ ಖಾತೆಯನ್ನು ಅಳಿಸು’ ಎಂಬುದು ಉಪಕರಣದ ಸಾಮರ್ಥ್ಯದ ವರ್ಣನೆಯೋ ತನಗೆ ಬಂದ ಆಜ್ಞೆಯೋ ಎಂಬುದನ್ನು ವಾಕ್ಯದ ರೂಪವಷ್ಟೇ ತಿಳಿಸಲಾರದು. ವಿವರಣೆಯನ್ನು ‘ಅಳಿಸುತ್ತದೆ’ ಎಂದೂ, ಏಜೆಂಟ್‌ಗೆ ನೀಡುವ ಸೂಚನೆಯನ್ನು ಪ್ರತ್ಯೇಕವಾಗಿ ‘ಕರೆಯುವ ಮುನ್ನ ದೃಢೀಕರಣ ಪಡೆಯಬೇಕು’ ಎಂದೂ ಬರೆಯುವುದು ನಮ್ಮ ದೃಷ್ಟಿಯಲ್ಲಿ ಲೇಸು. ಜಾವಾದ ಹಳೆಯ ನಿಯಮವೇ ಈ ಹೊಸ ಓದುಗನಿಗೆ ಹೆಚ್ಚು ಒಪ್ಪುತ್ತದೆ.

ಬೇಕು, ಬಹುದುಗಳ ಪ್ರಶ್ನೆಗೂ ಇಂಥದೇ ಚರಿತ್ರೆಯಿದೆ. ಅಂತರಜಾಲದ ಮಾನಕಗಳನ್ನು ಬರೆಯುವವರು ಬಳಸುವ ವಿಧಿ, ಸಲಹೆ ಮತ್ತು ಅನುಮತಿಸೂಚಕ ಪದಗಳನ್ನು ಸ್ಕಾಟ್ ಬ್ರಾಡ್ನರ್ 1997ರ ಮಾರ್ಚ್‌ನಲ್ಲಿ ಆರ್‌ಎಫ್‌ಸಿ 2119ರ ಮೂಲಕ ಪಾರಿಭಾಷಿಕಗೊಳಿಸಿದರು. ಸಾಮಾನ್ಯ ಅರ್ಥಕ್ಕೂ ಪಾರಿಭಾಷಿಕ ಅರ್ಥಕ್ಕೂ ಗೊಂದಲ ಉಳಿದದ್ದರಿಂದ 2017ರ ಆರ್‌ಎಫ್‌ಸಿ 8174, ದೊಡ್ಡಕ್ಷರದಲ್ಲಿ ಬರೆದಾಗ ಮಾತ್ರ ಆ ಪದಗಳಿಗೆ ವಿಶೇಷಾರ್ಥ ಎಂದು ಸ್ಪಷ್ಟಪಡಿಸಿತು. ಲಿಪಿಯ ಲಕ್ಷಣವೊಂದಕ್ಕೆ ವ್ಯಾಕರಣದ ಹೊಣೆಯನ್ನು ಒಪ್ಪಿಸಿದ ಪ್ರಸಂಗವಿದು. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳಿಲ್ಲ. ಆ ದಾರಿ ನಮಗಿಲ್ಲ. ಆದರೆ ಕರ್ನಾಟಕದ ಅಧಿನಿಯಮಗಳ ಕನ್ನಡ ಪಠ್ಯಗಳಲ್ಲಿ ರೂಢಿಗೊಂಡ ‘ತಕ್ಕದ್ದು’ ಎಂಬ ರೂಪ ದಿನಬಳಕೆಯ ‘ಬೇಕು’ವಿನಿಂದ ದೂರ ನಿಂತು ವಿಧಿಯನ್ನು ಅಸಂದಿಗ್ಧವಾಗಿ ಸೂಚಿಸುತ್ತದೆ. ತೊಡಕಿರುವುದು ‘ಬಹುದು’ವಿನಲ್ಲಿ. ‘ಹಳೆಯ ಕಡತಗಳನ್ನು ಅಳಿಸಬಹುದು’ ಎಂಬ ವಾಕ್ಯ ಅನುಮತಿಯೂ ಹೌದು, ಎಚ್ಚರಿಕೆಯೂ ಹೌದು. ಕರ್ತೃಪದವನ್ನು ಬಿಡುವ ಕನ್ನಡದ ಸಹಜಪ್ರವೃತ್ತಿ ಆ ಎರಡನ್ನೂ ಇನ್ನಷ್ಟು ಬೆರೆಸುತ್ತದೆ. ಮನುಷ್ಯ ಓದುಗ ಇಂಥಲ್ಲಿ ತಡೆದು ಯೋಚಿಸಿಯಾನು. ಏಜೆಂಟ್ ತಡೆಯುತ್ತದೆಂಬ ಭರವಸೆಯ ಮೇಲೆ ವಾಕ್ಯವನ್ನು ಕಟ್ಟಲಾಗದು.

ಇಬ್ಬರು ಓದುಗರು, ಎರಡು ಅಂಕಣಗಳು

ಯಂತ್ರವೂ ಓದಬಲ್ಲ ವಿವರಣೆಯ ಯೋಚನೆ ಭಾಷಾಮಾದರಿಗಳಿಗಿಂತ ಹಳೆಯದು. 2011ರಲ್ಲಿ ಸ್ವ್ಯಾಗರ್ ಎಂದು ಆರಂಭವಾಗಿ ಮುಂದೆ ಓಪನ್‌ಎಪಿಐ ಎಂಬ ಹೆಸರು ಪಡೆದ ನಿರ್ದಿಷ್ಟತೆ ಜಾಲಸೇವೆಗಳ ಕರೆಗಳನ್ನು ರಚನಾಬದ್ಧವಾಗಿ ವರ್ಣಿಸುತ್ತದೆ. ಅದರಲ್ಲಿ ಯಂತ್ರ ಓದುತ್ತಿದ್ದದ್ದು ರಚನೆಯನ್ನು. ‘ವಿವರಣೆ’ ಎಂಬ ಅಂಕಣದ ಗದ್ಯ ಮನುಷ್ಯನಿಗೆಂದು ಮೀಸಲಾಗಿತ್ತು. ಆ ಗಡಿ ಅಳಿಸಿಹೋದದ್ದು 2023ರಲ್ಲಿ. ಆ ವರ್ಷದ ಮಾರ್ಚ್‌ನಲ್ಲಿ ಓಪನ್‌ಎಐ ಚಾಟ್‌ಜಿಪಿಟಿಗೆ ಪ್ಲಗಿನ್‌ಗಳನ್ನು ತಂದಾಗ, ಪ್ರತಿಯೊಂದು ಪ್ಲಗಿನ್ನಿನ ಘೋಷಣಾಪತ್ರದಲ್ಲಿಯೂ ಎರಡು ಅಂಕಣಗಳಿದ್ದವು: ಮನುಷ್ಯನಿಗಾಗಿ ವಿವರಣೆ, ಮಾದರಿಗಾಗಿ ವಿವರಣೆ. ಮನುಷ್ಯನ ಪಾಲಿನದು ಚಿಕ್ಕದು, ಮಾದರಿಯ ಪಾಲಿನದಕ್ಕೆ ಬಹಳ ಹೆಚ್ಚಿನ ಅವಕಾಶ. ಒಂದೇ ವಸ್ತುವಿನ ಬಗ್ಗೆ ಇಬ್ಬರು ಉದ್ದಿಷ್ಟ ಓದುಗರನ್ನು ಹೆಸರಿಸಿ, ಎರಡು ಪಠ್ಯಗಳನ್ನು ಬೇಡಿದ ಆ ಪುಟ್ಟ ದಾಖಲೆ ನಮ್ಮ ಚರಿತ್ರೆಯಲ್ಲಿ ಒಂದು ಮೈಲಿಗಲ್ಲು. ಪ್ಲಗಿನ್‌ಗಳು 2024ರಲ್ಲಿ ಕೊನೆಗೊಂಡವು. 2023ರ ಜೂನ್‌ನಲ್ಲಿ ಬಂದ ಫಂಕ್ಷನ್ ಕಾಲಿಂಗ್ ಪದ್ಧತಿಯಲ್ಲಿಯೂ, 2024ರ ನವೆಂಬರ್‌ನಲ್ಲಿ ಆಂತ್ರೋಪಿಕ್ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್‌ನಲ್ಲಿಯೂ ಹೆಸರು, ವಿವರಣೆ, ಆದಾನಗಳ ರಚನೆ ಎಂಬ ತ್ರಿಕ ಉಳಿಯಿತು. ಹೆಸರು, ಸಾರರೂಪ, ವಿವರಣೆ ಎಂಬ 1971ರ ತ್ರಿಕವೇ ಅದು. ‘ಕೊರತೆಗಳು’ ಎಂಬ ಅಂಕಣ ಮಾತ್ರ ಮರಳಿ ಬರಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಅದು ನಷ್ಟ.

ಕಲ್ಪಿತ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ಗ್ರಂಥಾಲಯವೊಂದರ ಕನ್ನಡ ಗ್ರಂಥಸೂಚಿಯನ್ನು ಏಜೆಂಟ್‌ಗೆ ಒದಗಿಸುವ ಉಪಕರಣಕ್ಕೆ ‘ಪುಸ್ತಕಗಳನ್ನು ಹುಡುಕುತ್ತದೆ’ ಎಂಬ ವಿವರಣೆಯಿದೆ. ‘ಲೇಖಕ’ ಮತ್ತು ‘ದಿನಾಂಕ’ ಎಂಬ ಎರಡು ಆದಾನಗಳಿವೆ. ಸೂಚಿಯಲ್ಲಿ ಲೇಖಕರ ಹೆಸರು ‘ಪುಟ್ಟಪ್ಪ, ಕೆ.ವಿ.’ ಎಂದಿದೆ. ಬಳಕೆದಾರ ಕುವೆಂಪು ಅವರ ಕೃತಿಗಳನ್ನು ಕೇಳುತ್ತಾನೆ, ಏಜೆಂಟ್ ‘ಕುವೆಂಪು’ ಎಂದು ಕಳುಹಿಸುತ್ತದೆ, ಶೂನ್ಯ ಫಲಿತ ಬರುತ್ತದೆ. ಮೇಜಿನ ಹಿಂದಿರುವ ಗ್ರಂಥಪಾಲಕ ಈ ಶೂನ್ಯವನ್ನು ನಂಬುವುದಿಲ್ಲ. ಏಜೆಂಟ್ ನಂಬಬಹುದು, ಈ ಗ್ರಂಥಾಲಯದಲ್ಲಿ ಕುವೆಂಪು ಅವರ ಒಂದು ಕೃತಿಯೂ ಇಲ್ಲವೆಂದು ನಯವಾದ ಕನ್ನಡದಲ್ಲಿ ತಿಳಿಸಲೂಬಹುದು. ‘ದಿನಾಂಕ’ ಪ್ರಕಟಣೆಯದೋ ಗ್ರಂಥಾಲಯಕ್ಕೆ ಬಂದದ್ದೋ, ‘05-06-1967’ ಎಂಬಲ್ಲಿ ತಿಂಗಳು ಯಾವುದು, ಕನ್ನಡ ಅಂಕಿಗಳನ್ನು ಒಪ್ಪುತ್ತದೆಯೇ ಎಂಬುದೂ ವಿವರಣೆಯಲ್ಲಿ ಇಲ್ಲ. ವಿವರಣೆ ಹೀಗಿರಬೇಕಿತ್ತು: ಈ ಗ್ರಂಥಾಲಯದ ಮುದ್ರಿತ ಪುಸ್ತಕಗಳ ಸೂಚಿಯಲ್ಲಿ ಮಾತ್ರ ಹುಡುಕುತ್ತದೆ, ಪತ್ರಿಕಾ ಲೇಖನಗಳು ಇದರಲ್ಲಿ ಇಲ್ಲ, ಲೇಖಕರ ಹೆಸರು ಸೂಚಿಯಲ್ಲಿ ನಮೂದಾದ ರೂಪದಲ್ಲಿರತಕ್ಕದ್ದು, ಕಾವ್ಯನಾಮ ಗೊತ್ತಿದ್ದರೆ ಮೊದಲು ‘ಲೇಖಕನಾಮ ಪರಿಶೀಲನೆ’ ಉಪಕರಣದಿಂದ ಆ ರೂಪವನ್ನು ಪಡೆಯತಕ್ಕದ್ದು, ಪ್ರಕಟಣೆಯ ವರ್ಷ ನಾಲ್ಕು ಅಂಕಿಗಳಲ್ಲಿ, ಶೂನ್ಯ ಫಲಿತ ಬಂದರೆ ಪುಸ್ತಕವಿಲ್ಲವೆಂದು ಅರ್ಥವಾಗುವುದಿಲ್ಲ. ಈ ಕೊನೆಯ ವಾಕ್ಯಖಂಡವೇ ಇಡೀ ವಿವರಣೆಯಲ್ಲಿ ಹೆಚ್ಚು ಬೆಲೆಯುಳ್ಳದ್ದು. ಅದು ‘ಕೊರತೆಗಳು’ ಶೀರ್ಷಿಕೆಗೆ ಸೇರಬೇಕಾದ ಮಾತು.

ಏಜೆಂಟ್‌ಗಳಿಗಾಗಿ ಉಪಕರಣಗಳನ್ನು ಬರೆಯುವ ಬಗ್ಗೆ ಆಂತ್ರೋಪಿಕ್ 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಮಾರ್ಗದರ್ಶನವು, ತಂಡಕ್ಕೆ ಹೊಸದಾಗಿ ಸೇರಿದವರಿಗೆ ವಿವರಿಸುವಂತೆ ಬರೆಯಬೇಕೆನ್ನುತ್ತದೆ. ಆದಾನದ ಹೆಸರು ‘ಬಳಕೆದಾರ’ ಎಂದಿರುವುದಕ್ಕಿಂತ ‘ಬಳಕೆದಾರ ಗುರುತುಸಂಖ್ಯೆ’ ಎಂದಿರುವುದು ಮೇಲು ಎನ್ನುತ್ತದೆ. ನೆರೆಮೇಜಿನವನ ಜಾಗದಲ್ಲಿ ಈಗ ಹೊಸಬ ಕುಳಿತಿದ್ದಾನೆ. ಈ ಹೋಲಿಕೆಗೆ ಒಂದು ಮಿತಿಯಿದೆ: ಹೊಸಬ ಎರಡನೆಯ ವಾರಕ್ಕೆ ಹಳಬನಾಗುತ್ತಾನೆ, ಏಜೆಂಟ್ ಸಾಮಾನ್ಯವಾಗಿ ಪ್ರತಿ ಸಂಭಾಷಣೆಯಲ್ಲಿಯೂ ಹೊಸಬನಾಗಿಯೇ ಬರುತ್ತದೆ.

ಮೌನದ ಅರ್ಥ

2024ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಎಸ್‌ಡಬ್ಲ್ಯುಇ–ಏಜೆಂಟ್ ಎಂಬ ವ್ಯವಸ್ಥೆಯನ್ನು ಪ್ರಕಟಿಸುತ್ತ ‘ಏಜೆಂಟ್–ಗಣಕ ಅಂತರಸಂಪರ್ಕ’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. ಮನುಷ್ಯನಿಗಾಗಿ ಕಟ್ಟಿದ ಆಜ್ಞಾಸಾಲನ್ನು ಏಜೆಂಟ್‌ಗೆ ಹಾಗೆಯೇ ಕೊಡುವುದಕ್ಕಿಂತ ಅದಕ್ಕೆಂದೇ ಉಪಕರಣಗಳನ್ನು ರೂಪಿಸಿದರೆ ಫಲ ಹೆಚ್ಚೆಂಬುದು ಅವರ ನಿರ್ಣಯ. ಕಡತವನ್ನು ಒಮ್ಮೆಗೆ 100 ಸಾಲುಗಳಂತೆ ತೋರಿಸುವ ವೀಕ್ಷಕ, ವ್ಯಾಕರಣದೋಷವಿರುವ ತಿದ್ದುಪಡಿಯನ್ನು ತಿರಸ್ಕರಿಸಿ ಕಾರಣ ಹೇಳುವ ಸಂಪಾದಕ ಮುಂತಾದವು ಅದರಲ್ಲಿವೆ. ಭಾಷಾವಿಜ್ಞಾನಕ್ಕೆ ಹೆಚ್ಚು ಪ್ರಸ್ತುತವಾದದ್ದು ಅವರು ಸೇರಿಸಿದ ಒಂದು ಸಣ್ಣ ವಾಕ್ಯ. ಆಜ್ಞೆಯೊಂದು ಏನನ್ನೂ ಮುದ್ರಿಸದೆ ಮುಗಿದರೆ, ಅದು ಯಶಸ್ವಿಯಾಗಿ ನಡೆಯಿತು, ಯಾವ ಫಲಿತವನ್ನೂ ಮುದ್ರಿಸಲಿಲ್ಲ ಎಂಬ ಸಂದೇಶವನ್ನು ವ್ಯವಸ್ಥೆಯೇ ಏಜೆಂಟ್‌ಗೆ ಕೊಡುತ್ತದೆ.

ಪಾಣಿನೀಯರ ಲೋಪಕ್ಕೂ ಆಧುನಿಕ ಭಾಷಾವಿಜ್ಞಾನದ ಶೂನ್ಯ ಆಕೃತಿಮಾಕ್ಕೂ ಅರ್ಥ ಬರುವುದು ಅವು ನಿಲ್ಲುವ ಸ್ಥಾನದಲ್ಲಿ ಬೇರೇನೋ ಬರಬಹುದಿತ್ತು ಎಂಬ ತಿಳಿವಿನಿಂದ. ಯೂನಿಕ್ಸ್ ಬಳಕೆದಾರನಿಗೆ ಆ ಗಣ ಗೊತ್ತಿತ್ತು: ದೋಷಸಂದೇಶ ಬರಬಹುದಾದಲ್ಲಿ ಬಂದಿಲ್ಲ, ಆದ್ದರಿಂದ ಯಶಸ್ಸು. ಏಜೆಂಟ್‌ನ ಮುಂದಿರುವ ಖಾಲಿ ಪಠ್ಯ ಯಶಸ್ಸಾಗಿರಬಹುದು, ಸಂಪರ್ಕ ಕಡಿದದ್ದಾಗಿರಬಹುದು, ಫಲಿತ ಕತ್ತರಿಸಿಹೋದದ್ದಾಗಿರಬಹುದು. ಗಣ ತಿಳಿಯದಲ್ಲಿ ಶೂನ್ಯಕ್ಕೆ ಅರ್ಥವಿಲ್ಲ. ಐವತ್ತು ವರ್ಷ ಶಿಷ್ಟಾಚಾರವೆನಿಸಿಕೊಂಡಿದ್ದ ಮೌನವನ್ನು ಹೀಗೆ ಪೂರ್ಣವಾಕ್ಯವಾಗಿ ಬಿಡಿಸಿ ಬರೆಯಬೇಕಾಯಿತು.

ವಿವರಣೆಗೆ ದೊರೆತ ಈ ಹೊಸ ಬಲಕ್ಕೆ ಅಪಾಯಕಾರಿಯಾದ ಮುಖವೂ ಇದೆ. 2025ರ ಏಪ್ರಿಲ್‌ನಲ್ಲಿ ಇನ್‌ವೇರಿಯಂಟ್ ಲ್ಯಾಬ್ಸ್ ಎಂಬ ಸಂಸ್ಥೆ ‘ಟೂಲ್ ಪಾಯ್ಸನಿಂಗ್’ ಎಂಬ ದಾಳಿಯನ್ನು ಪ್ರದರ್ಶಿಸಿತು. ಎರಡು ಸಂಖ್ಯೆಗಳನ್ನು ಕೂಡುವ ನಿರುಪದ್ರವಿ ಉಪಕರಣವೊಂದರ ವಿವರಣೆಯೊಳಗೆ, ಬಳಕೆದಾರನ ಗಣಕದಲ್ಲಿರುವ ಗೋಪ್ಯ ಕಡತವನ್ನು ಓದಿ ಅದರ ಪಠ್ಯವನ್ನು ಹೆಚ್ಚುವರಿ ಆದಾನವಾಗಿ ಕಳುಹಿಸಬೇಕೆಂಬ ಸೂಚನೆಯನ್ನು ಅಡಗಿಸಿಡಲಾಗಿತ್ತು. ಬಳಕೆದಾರನ ಕಣ್ಣಿಗೆ ಬೀಳುವುದು ಉಪಕರಣದ ಸಂಕ್ಷಿಪ್ತ ಪರಿಚಯ, ಏಜೆಂಟ್ ಓದುವುದು ಇಡೀ ವಿವರಣೆ. ಮನುಷ್ಯ ಮತ್ತು ಮಾದರಿಗಳಿಗೆಂದು 2023ರಲ್ಲಿ ಎರಡಾದ ಪಠ್ಯ ಇಲ್ಲಿ ಮೋಸದ ಸಾಧನವಾಗಿದೆ. ಆಸ್ಟಿನ್‌ನ ವಾಕ್ಕ್ರಿಯಾ ಸಿದ್ಧಾಂತದಲ್ಲಿ ಆಜ್ಞೆ ಸಿದ್ಧಿಸಬೇಕಾದರೆ ಆಜ್ಞಾಪಿಸುವವನಿಗೆ ಅಧಿಕಾರವಿರಬೇಕು. ಏಜೆಂಟ್‌ನ ಮುಂದೆ ಬಳಕೆದಾರನ ಮಾತು, ವ್ಯವಸ್ಥೆಯ ಸೂಚನೆ, ಅಪರಿಚಿತ ವಿವರಣಕಾರನ ವಾಕ್ಯ ಇವೆಲ್ಲವೂ ಒಂದೇ ಪಠ್ಯಪ್ರವಾಹವಾಗಿ ಬರುತ್ತವೆ; ಯಾರಿಗೆ ಅಧಿಕಾರ ಎಂಬುದು ವಾಕ್ಯದ ರೂಪದಲ್ಲಿ ಬರೆದಿರುವುದಿಲ್ಲ.

ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್‌ನ 2025ರ ಮಾರ್ಚ್ ಪರಿಷ್ಕರಣೆ ಉಪಕರಣಗಳಿಗೆ ಕೆಲವು ಟಿಪ್ಪಣಿಗಳನ್ನು ಸೇರಿಸಲು ಅವಕಾಶ ಮಾಡಿತು: ಈ ಉಪಕರಣ ಓದುವುದನ್ನಷ್ಟೇ ಮಾಡುತ್ತದೆಯೇ, ಇರುವುದನ್ನು ಹಾಳುಮಾಡಬಲ್ಲುದೇ, ಅದೇ ಕರೆಯನ್ನು ಮರುಕಳಿಸಿದರೆ ಬೇರೆ ಪರಿಣಾಮವುಂಟೇ, ಹೊರಜಗತ್ತಿನೊಡನೆ ವ್ಯವಹರಿಸುತ್ತದೆಯೇ. ಪ್ರತಿಯೊಂದರ ಹೆಸರಿನ ಕೊನೆಯಲ್ಲಿಯೂ ‘ಸುಳಿವು’ ಎಂಬರ್ಥದ ಪದವಿದೆ. ವಿಶ್ವಾಸಾರ್ಹ ಮೂಲದಿಂದ ಬಂದ ಹೊರತು ಇವನ್ನು ನಂಬಬಾರದೆಂದು ಅದೇ ನಿರ್ದಿಷ್ಟತೆ ದೊಡ್ಡಕ್ಷರದ ವಿಧಿವಾಚಕದಲ್ಲಿ ಹೇಳುತ್ತದೆ. ಟಿಪ್ಪಣಿಯನ್ನು ಬರೆಯದೆ ಬಿಟ್ಟಾಗ ಏನೆಂದು ತಿಳಿಯಬೇಕೆಂಬುದನ್ನೂ ಅದು ಗೊತ್ತುಪಡಿಸಿದೆ: ಏನೂ ಹೇಳದ ಉಪಕರಣವನ್ನು ಬರಿಯ ಓದುವ ಉಪಕರಣವೆಂದು ಭಾವಿಸುವಂತಿಲ್ಲ, ಹಾಳುಮಾಡಬಲ್ಲದ್ದೆಂದೇ ಭಾವಿಸಬೇಕು.